ಬೆಳೆ ಕಾಯೋ ಬಂದೂಕಿಗೆ ಎಂಥಾ ಪಟ್ಟಿ?

ಬೆಳೆ ರಕ್ಷಣೆ ಲೈಸೆನ್ಸ್ ಇದ್ದವರು ಮದ್ದು, ಕೇಪು, ರಿನ್ಯೂವಲ್ ಬಗ್ಗೆ ಮಾತಾಡುತ್ತಾರೆ. ಹೆಗಲ ಪಟ್ಟಿ ಬಗ್ಗೆ ಕೇಳುವವರು ಕಡಿಮೆ. ಹಳೇ ಬೆಲ್ಟೋ, ಸಿಕ್ಕ ಹಗ್ಗವೋ ಕಟ್ಟಿ ನಡೆಸುತ್ತೇವೆ. ಆದರೆ ರಾತ್ರಿ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು ಹಿಡಿದು ಕೆಸರಿನ ಬದುವಿನ ಮೇಲೆ ಹೋಗುವಾಗ ಬಂದೂಕು ನಿಂತಿರೋದೇ ಆ ಪಟ್ಟಿಯ ಮೇಲೆ.

ಕಂಪ್ಲಿ ಕಡೆ ಕಬ್ಬು, ಬಾಳೆ. ಹಂಪಿ, ಕಮಲಾಪುರದ ಕಾಲುವೆ ಕೆಳಗೂ ಬಾಳೆಯೇ. ಸಂಡೂರು ಗುಡ್ಡದ ಅಂಚಿಗೆ ಜೋಳ, ಮೆಕ್ಕೆಜೋಳ. ಹಂದಿ ಕಾಟ ಎಲ್ಲಾ ಕಡೆ ಐತಿ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು, ಅದರ ಸುತ್ತಿನ ಹೊಲಗಳಿಗೆ ಕರಡಿಯೂ ಬರುತ್ತದೆ. ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೆಯದಕ್ಕೆ ಸೇರಿತು. ಹಾಗಾಗಿ ನಮಗೆ ಬೇಕಾದ್ದು ಸದ್ದು ಮಾತ್ರ. ರೈಫಲ್ಲಿನವರು ಗುರಿ ಅಲುಗದಂತೆ ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳುತ್ತಾರೆ. ನಮಗೆ ಆ ಕಸರತ್ತು ಬೇಡ, ಹೊರೋಕೆ ಸರಿಯಾದರೆ ಸಾಕು.

ನೈಲಾನ್ ಪಟ್ಟಿ ಅಗ್ಗ, ನೀರು ಹಿಡಿಯೋದಿಲ್ಲ, ಆದರೆ ಹೆಗಲಿಂದ ಜಾರುತ್ತದೆ. ಸಣ್ಣದಾದರೆ ಕೊಯ್ಯುತ್ತದೆ. ಚರ್ಮದ್ದು ಹೆಗಲಿಗೆ ಹಿತ. ಆದರೆ ನೀರು ಕಟ್ಟಿದ ತೋಟದಲ್ಲಿ ತೊಯ್ದು ಹಿಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿದರೆ ಸೀಳುತ್ತದೆ, ನೆರಳಲ್ಲಿ ಒಣಗಿಸಿ ಎಣ್ಣೆ ಸವರಬೇಕು. ಎಣ್ಣೆ ವಾಸನೆಗೆ ಇಲಿ ಬರೋದು ಬೇರೆ. ನನ್ನ ಆಯ್ಕೆ ಮಂಚಕ್ಕೆ ಹಾಕುವ ದಪ್ಪ ಹತ್ತಿ ನವಾರು, ಒಂದೂವರೆ ಇಂಚು ಅಗಲದ್ದು. ಜಾರೋದಿಲ್ಲ, ತೊಳೆಯಬಹುದು, ಚಪ್ಪಲಿ ಹೊಲಿಯುವವರೇ ಬಕಲ್ ಕೂಡಿಸಿ ಹೊಲಿದುಕೊಡುತ್ತಾರೆ. ಬಕಲ್ ಬೇಕೇ ಬೇಕು. ಚಳಿಗಾಲದಲ್ಲಿ ಕಂಬಳಿ ಮೇಲೆ ಹಾಕುವ ಅಳತೆ ಬೇಸಿಗೆಗೆ ಸಡಿಲಾಗುತ್ತದೆ. ಸಡಿಲ ಪಟ್ಟಿ ಬಾಳೆ ದಿಂಡಿಗೆ, ಕಬ್ಬಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಮುಖ್ಯ ಮಾತು ಈಗ. ನಮ್ಮದು ಬಾಯಿಂದ ಮದ್ದು ತುಂಬುವ ಬಂದೂಕು. ನಳಿಗೆ ಕೆಳಗಾಗಿ ನೇತಾಡಿದರೆ ಒಳಗೆ ಗಿಡಿದದ್ದು ಮದ್ದಿನಿಂದ ಸರಿದು ನಡುವೆ ಜಾಗ ಬೀಳುತ್ತದೆ. ಆಮೇಲೆ ಹೊಡೆದರೆ ನಳಿಗೆಯೇ ಸೀಳಬಹುದು, ಕೈ ಹೋಗಬಹುದು. ಅದಕ್ಕೇ ಪಟ್ಟಿಯ ಉದ್ದ ಬಂದೂಕು ಬಾಯಿ ಮೇಲಾಗಿ ಬೆನ್ನಿಗೆ ಅಂಟಿ ನಿಲ್ಲುವಂತಿರಲಿ. ಟ್ರಿಗರ್ ಸುತ್ತಿನ ಬಳೆಗೆ ಪಟ್ಟಿಯನ್ನು ಎಂದೂ ಕಟ್ಟಬಾರದು, ಎಳೆದಾಗ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಹಳೇ ಬಂದೂಕುಗಳಿಗೆ ಕೊಂಡಿ ಇರೋದಿಲ್ಲ. ಮರಕ್ಕೆ ತಾವೇ ತೂತು ಕೊರೆಯೋ ಬದಲು ಲೈಸೆನ್ಸ್ ಇರುವ ರಿಪೇರಿಯವರಿಂದ ಹಾಕಿಸಿ. ಕೊಂಡಿಯ ಸ್ಕ್ರೂ ಸಡಿಲವಾಗಿದೆಯೇ ಅಂತ ಹೊರಡುವ ಮುನ್ನ ಒಮ್ಮೆ ಜಗ್ಗಿ ನೋಡಿ. ಎಷ್ಟೇ ಗಟ್ಟಿ ಪಟ್ಟಿ ಇದ್ದರೂ ಕೇಪು ಜೇಬಿನಲ್ಲಿರಲಿ. ಕೇಪು ಹಾಕಿ ಹೆಗಲಿಗೇರಿಸಿ ಅಟ್ಟಣಿಗೆ ಹತ್ತೋದು, ಕಾಲುವೆ ದಾಟೋದು ಬ್ಯಾಡ್ರೀ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆಗ ಪಟ್ಟಿ ಬಿಚ್ಚಿ ಮನೆಯಲ್ಲೇ ಇಡಿ, ಇಲ್ಲವೇ ರಸೀದಿಯಲ್ಲಿ ಪಟ್ಟಿ ಸಹಿತ ಅಂತ ಬರೆಸಿ.