ಮದ್ದು ಬೆರೆಸುವ ಪಾಠ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ಕಾಸರಗೋಡು ಸೀಮೆಯ ಅಡಕೆ ತೋಟಗಳಲ್ಲಿ ಮೈಲುತುತ್ತು, ಸುಣ್ಣಗಳದೇ ಮಾತು. ಮಳೆ ಹಿಡಿಯುವ ಮುನ್ನ ಗೊನೆಗಳಿಗೆ ಬೋರ್ಡೋ ಮದ್ದು ಬಿಡಬೇಕು, 40-45 ದಿನ ಕಳೆದು ಇನ್ನೊಮ್ಮೆ ಬಿಡಬೇಕು, ಇಲ್ಲವಾದರೆ ಮಹಾಳಿ ತಪ್ಪದು ಎಂಬುದು ಇಲ್ಲಿನ ಶಾಲಾಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಗೊತ್ತಿರುವುದು ಬೇರೆ, ಕೈಯಲ್ಲಿ ಮಾಡಲು ಬರುವುದು ಬೇರೆ. ಹಗಲು ಶಾಲೆ, ಬೆಳಗ್ಗೆ ಸಂಜೆ ತೋಟ ಎಂದು ಎರಡನ್ನೂ ನಡೆಸುತ್ತಿರುವ ನಾವೇ ಈ ವಿಷಯದಲ್ಲಿ ಎಡವಿದೆವೆಂದರೆ ವಾಚಕರು ನಗಬಹುದು. ನಗಲಿ, ಅಡ್ಡಿಯಿಲ್ಲ.

ಮೂರು ವರ್ಷಗಳ ಹಿಂದೆ ಊರಿನ ವಾಚನಾಲಯದಲ್ಲಿ ಬೆಳೆಗಾರರನ್ನು ಕೂಡಿಸಿ ನಾವೊಂದು ಪಾಠ ಮಾಡಿದೆವು. ಕೈಗೆ ಸಿಕ್ಕಿದ ಕರಪತ್ರ ಮಲಯಾಳದಲ್ಲಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ಕರಿಹಲಗೆಯ ಮೇಲೆ ಚೆನ್ನಾಗಿ ಬರೆದೆವು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ; ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯತಕ್ಕದ್ದು; ಕಬ್ಬಿಣದ ಪಾತ್ರೆ ಕೂಡದು; ಬೆರೆಸಿದ ದಿನವೇ ಮುಗಿಸತಕ್ಕದ್ದು. ಎಲ್ಲರೂ ತಲೆಯಾಡಿಸಿದರು. ಅರ್ಥವಾಯಿತೇ ಎಂದು ಕೇಳಿದೆವು. ಆಯಿತೆಂದರು. ನಮಗೂ ಸಮಾಧಾನವಾಯಿತು.

ಕೇಳಿದವರ ಪೈಕಿ ನೆರೆಮನೆಯ ಹುಡುಗನೊಬ್ಬನಿದ್ದ. ತಂದೆ ತೀರಿಕೊಂಡ ಮೇಲೆ ತೋಟದ ಭಾರವೆಲ್ಲ ಅವನ ಮೇಲೆ ಬಿದ್ದಿತ್ತು, ಜೊತೆಗೆ ಸಾಲವೂ ಇತ್ತು. ಆಟಿ ತಿಂಗಳಲ್ಲಿ ಹೋಗಿ ನೋಡಿದರೆ ಮರದ ಬುಡದಲ್ಲೆಲ್ಲ ಎಳೆಕಾಯಿ ಉದುರಿ ನಾರುತ್ತಿತ್ತು. ಹೆಚ್ಚುಕಡಿಮೆ ಅರ್ಧ ಫಸಲು ಹೋಯಿತು. ಆ ವರ್ಷ ಮಳೆ ಬಿಡದೆ ಹೊಡೆದದ್ದೂ ನಿಜ. ಆದರೂ ಹೇಗೆ ಬೆರೆಸಿದೆ ಎಂದು ಕೇಳಿದೆವು. "ನೀವು ಹೇಳಿದ್ದೆಲ್ಲ ನೆನಪಿತ್ತು ಮಾಷ್ಟ್ರೇ, ಯಾವುದಕ್ಕೆ ಯಾವುದನ್ನು ಸುರಿಯುವುದು ಎಂಬುದೊಂದು ಹಿಂದುಮುಂದಾಯಿತು" ಎಂದ. ಸುಣ್ಣವನ್ನು ತುತ್ತಿಗೆ ಸುರಿದಿದ್ದ. ಹಾಗೆ ಮಾಡಿದರೆ ಕಣಗಳು ದಪ್ಪವಾಗಿ ಬೇಗನೆ ತಳ ಹಿಡಿಯುತ್ತವೆ, ಗೊನೆಗೆ ಬೀಳುವ ಮದ್ದು ಸರಿಯಾಗಿ ಅಂಟುವುದಿಲ್ಲ. ಈ ಕಾರಣವನ್ನು ಅಂದು ನಾವು ಹೇಳಿಯೇ ಇರಲಿಲ್ಲ. ಕಾರಣ ಗೊತ್ತಿಲ್ಲದ ಕ್ರಮ ನೆನಪಿನಲ್ಲಿ ನಿಲ್ಲುವುದು ಕಷ್ಟ. ಶಿಕ್ಷಕರ ತರಬೇತಿಯಲ್ಲಿ ಇದನ್ನೇ ಓದಿ ಪರೀಕ್ಷೆ ಬರೆದವರು ನಾವು!

ಮರುವರ್ಷ ವಾಚನಾಲಯವನ್ನು ಬಿಟ್ಟು ಅವನ ಅಂಗಳದಲ್ಲೇ ಸೇರಿದೆವು. ಹತ್ತು ಗ್ರಾಂ ತುತ್ತು, ಹತ್ತು ಗ್ರಾಂ ಸುಣ್ಣ, ಒಂದೊಂದಕ್ಕೆ ಅರ್ಧ ಲೀಟರ್ ನೀರು. ಒಂದು ಗಾಜಿನ ಭರಣಿಯಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಅವರ ಕೈಯಿಂದಲೇ ಬೆರೆಸಿಸಿದೆವು. ಬೆರೆಸುವ ಮುಂಚೆ, ಯಾವುದು ಮೊದಲು ತಳಕ್ಕಿಳಿದೀತು ಎಂದು ಪ್ರತಿಯೊಬ್ಬರಿಂದಲೂ ಊಹೆ ಹೇಳಿಸಿದೆವು. ಊಹೆ ತಪ್ಪಿದವರೇ ಭರಣಿಗೆ ಕಣ್ಣು ಹಚ್ಚಿ ಕುಳಿತರು. ಬಳಿಕ ಉಜ್ಜಿದ ಚೂರಿಯನ್ನು ಮದ್ದಿನಲ್ಲಿ ಅದ್ದಿ ತೆಗೆದೆವು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಬಿಡಿ ತಾಮ್ರ ಗಿಡವನ್ನು ಸುಡುತ್ತದೆ. ಕಬ್ಬಿಣದ ಪಾತ್ರೆ ಯಾಕೆ ಬೇಡವೆಂಬುದನ್ನು ನಾವು ವಿವರಿಸುವ ಅಗತ್ಯವೇ ಬೀಳಲಿಲ್ಲ. ಹಿಂದಿನ ವರ್ಷ ಒಂದು ಮಾತನ್ನೂ ಆಡದೆ ಕುಳಿತಿದ್ದ ಅಕ್ಕ ಒಬ್ಬರು, "ಚೂರಿಗೆ ಹೀಗಾದರೆ ಡ್ರಮ್ಮಿಗೂ ಹೀಗೇ ಆಗುವುದಲ್ಲವೇ?" ಎಂದು ತಾವೇ ಕೇಳಿಬಿಟ್ಟರು.

ಇದು ನಮ್ಮ ಸ್ವಂತ ಬುದ್ಧಿಯೇನೂ ಅಲ್ಲ. ಇಂಡೊನೇಷ್ಯದ ಜಾವಾ ದ್ವೀಪದಲ್ಲಿ 1989ರಲ್ಲಿ ಭತ್ತದ ಬೆಳೆಗಾರರಿಗಾಗಿ ಗದ್ದೆಯ ಶಾಲೆಗಳು ಆರಂಭವಾದವು. ಅಲ್ಲಿ ಕೀಟನಾಶಕ ಮಿತಿಮೀರಿ, ಜಿಗಿಹುಳುವನ್ನು ತಿನ್ನುವ ಜೇಡಗಳೇ ಸತ್ತು, ಹುಳುವಿನ ಕಾಟ ಇನ್ನಷ್ಟು ಹೆಚ್ಚಿತ್ತು. 1986ರಲ್ಲಿ ಸರಕಾರ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ನಿಷೇಧ ಮಾಡಿದ ಮಾತ್ರಕ್ಕೆ ರೈತರಿಗೆ ತಿಳಿವಳಿಕೆ ಬರುವುದೇ? ಸುಮಾರು 25 ಮಂದಿಯ ಗುಂಪು ವಾರಕ್ಕೊಮ್ಮೆ ಬೆಳಗ್ಗೆ ಗದ್ದೆಗಿಳಿದು ಹುಳ, ಜೇಡಗಳನ್ನು ನೋಡಿ ಎಣಿಸಿ, ದೊಡ್ಡ ಕಾಗದದಲ್ಲಿ ಚಿತ್ರ ಬರೆದು, ಈ ವಾರ ಏನು ಮಾಡಬೇಕೆಂದು ತಾವೇ ಚರ್ಚಿಸಿ ತೀರ್ಮಾನಿಸುವುದು ಅಲ್ಲಿನ ಪದ್ಧತಿ. ಬಲೆ ಮುಚ್ಚಿದ ಗಿಡದೊಳಗೆ ಜಿಗಿಹುಳುವನ್ನೂ ಜೇಡವನ್ನೂ ಬಿಟ್ಟು, ಯಾರು ಯಾರನ್ನು ತಿನ್ನುತ್ತಾರೆಂದು ಕಣ್ಣಾರೆ ನೋಡುವರು. ಇದು ಯಾವ ಹುಳ ಎಂದು ಕೇಳಿದರೆ ಕಲಿಸುವವನು ಕೂಡಲೇ ಹೆಸರು ಹೇಳನು. ಎಲ್ಲಿ ಕಂಡಿರಿ, ಏನು ಮಾಡುತ್ತಿತ್ತು ಎಂದು ಮರಳಿ ಕೇಳುವನು. ಬಾಯಿ ಮುಚ್ಚಿಕೊಂಡಿರುವ ಈ ವಿದ್ಯೆ ನಮ್ಮಂಥ ಮಾಸ್ತರರಿಗೆ ಬಹಳ ಕಷ್ಟದ್ದು.

ಹಾಗೆಂದು ಎಲ್ಲವನ್ನೂ ತಪ್ಪು ಮಾಡಿಯೇ ಕಲಿಯಲಿ ಎನ್ನಲಾಗದು. ಅಡಕೆ ಮರ ಹತ್ತುವುದನ್ನು ಬಿದ್ದು ಕಲಿಯುವುದುಂಟೇ? ತೂಕ, ಅಳತೆ, ಮೈಕೈಗೆ ಮದ್ದು ತಾಗದಂತೆ ಇರುವ ಎಚ್ಚರ, ಇವನ್ನು ಮೊದಲೇ ನೇರವಾಗಿ ಹೇಳಿ, ಮಾಡಿ ತೋರಿಸಿ, ಪಕ್ಕದಲ್ಲಿ ನಿಂತು ಮಾಡಿಸತಕ್ಕದ್ದು. ಕೈ ಪಳಗಿದಂತೆ ನಾವು ಹಿಂದೆ ಸರಿಯತಕ್ಕದ್ದು.

ಇನ್ನೊಂದು ಮಾತು ಮರೆವಿನ ಬಗ್ಗೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಕಲಿತದ್ದರ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುವುದನ್ನು 1885ರಲ್ಲಿ ಪ್ರಕಟಿಸಿದರು. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಉಳಿಯುತ್ತದೆ. ನಮಗಂತೂ ಎರಡನೆಯ ಸಲದ ಮದ್ದು ಇದಕ್ಕೆ ಒಳ್ಳೆಯ ಅನುಕೂಲ. ಆ ಹೊತ್ತಿಗೆ ನಾವೇನೂ ಹೇಳುವುದಿಲ್ಲ. ಅವರೇ ಒಬ್ಬರಿಗೊಬ್ಬರು, ತಂತಮ್ಮ ಮನೆಮಾತಿನಲ್ಲಿ, ಕ್ರಮವನ್ನು ಹೇಳಿಕೊಂಡು ಬೆರೆಸುತ್ತಾರೆ. ಆ ಅಕ್ಕ ಮೈದುನನಿಗೆ ತುಳುವಿನಲ್ಲಿ ಚೂರಿಯ ಪರೀಕ್ಷೆ ಹೇಳಿಕೊಟ್ಟದ್ದು ನಮ್ಮ ಕರಿಹಲಗೆಯ ಪಾಠಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಹುಡುಗನ ಸಾಲ ಇನ್ನೂ ಪೂರ್ತಿ ತೀರಿಲ್ಲ. ಕಳೆದೆರಡು ಮಳೆಗಾಲ ಮಾತ್ರ ಅವನ ಗೊನೆಗಳು ಮಟ್ಟಿಗೆ ಉಳಿದಿವೆ. ಈ ಸಲ ಮದ್ದು ಬೆರೆಸುವ ದಿನ ನಾವು ಅವನ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದೆವು. ಹೊಸಬರಿಬ್ಬರು ಬಂದಿದ್ದರು. ಅವನು ಎರಡು ಭರಣಿಗಳನ್ನು ತಂದಿಟ್ಟು, "ಯಾವುದು ಮೊದಲು ಇಳಿದೀತು, ಹೇಳಿ ನೋಡುವ" ಎಂದು ಅವರನ್ನೇ ಕೇಳಿದ.