ಮಸಾಲೆ ಪೊಟ್ಟಣ ಮತ್ತು ಕಂಪೆನಿಯ ಮಾತು

ಬೇಸಿಗೆ ಬಂತೆಂದರೆ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಅಂಗಳ, ಮಾಳಿಗೆಗಳು ಕೆಂಪಾಗುತ್ತವೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಕಡೆಯವರಿಗೆ ಬ್ಯಾಡಗಿ ಪೇಟೆಯೇನೂ ದೂರವಲ್ಲ. ವರ್ಷಕ್ಕೆ ಬೇಕಾಗುವಷ್ಟು ಮೆಣಸಿನಕಾಯಿ ತಂದು, ಬಿಸಿಲಿಗೆ ಹರವಿ, ತೊಟ್ಟು ಬಿಡಿಸಿ, ಕೊತ್ತಂಬರಿ ಬೀಜ, ಜೀರಿಗೆ ಹುರಿದು ಸೇರಿಸಿ ಖಾರ ಕುಟ್ಟಿಸಿ ಇಡುವುದು ಈ ಭಾಗದ ಹೆಂಗಸರ ಹಳೆಯ ರೂಢಿ. ಹಾಗಿದ್ದರೂ ಇಂದು ಯಾವ ಊರಿನ ಕಿರಾಣಿ ಅಂಗಡಿಗೆ ಹೋದರೂ ಮಸಾಲೆ ಪೊಟ್ಟಣಗಳ ಸರ ತೂಗಾಡುತ್ತಿರುತ್ತದೆ. ಹಬ್ಬದ ಬಿರಿಯಾನಿಗೆ ಒಂದು, ಮೀನಿನ ಸಾರಿಗೆ ಒಂದು, ಸಾಂಬಾರಿಗೆ ಇನ್ನೊಂದು. ಮನೆಯಲ್ಲಿ ಕುಟ್ಟಿಸಿದ ಖಾರದಲ್ಲಿ ಏನೇನು ಬಿದ್ದಿದೆ ಎಂಬುದು ನಮಗೆ ಗೊತ್ತು. ಪೊಟ್ಟಣದ ವಿಷಯದಲ್ಲಿ ಮಾತ್ರ ನಾವು ಕಂಪೆನಿಯ ಹೆಸರನ್ನೇ ನಂಬುತ್ತೇವೆ. ಆ ಹೆಸರಿನ ಮೇಲೆಯೇ ಒಂದು ದಿನ ಅನುಮಾನ ಬಂದರೆ ಕಂಪೆನಿ ನಮಗೆ ಏನು ಹೇಳುತ್ತದೆ?

2024ರ ಏಪ್ರಿಲ್‌ನಲ್ಲಿ ಅಂತಹ ದಿನ ಬಂತು. ಏಪ್ರಿಲ್ 5ರಂದು ಹಾಂಗ್‌ಕಾಂಗಿನ ಆಹಾರ ಸುರಕ್ಷತಾ ಕೇಂದ್ರ ಭಾರತದ ನಾಲ್ಕು ಮಸಾಲೆಗಳ ಹೆಸರು ಹೇಳಿತು. ಮೂರು ಎಂಡಿಎಚ್ ಕಂಪೆನಿಯವು, ಒಂದು ಎವರೆಸ್ಟ್ ಕಂಪೆನಿಯ ಮೀನು ಮಸಾಲೆ. ಇವುಗಳಲ್ಲಿ ಎಥಿಲೀನ್ ಆಕ್ಸೈಡ್ ಪತ್ತೆಯಾಗಿದೆ, ಮಾರಬೇಡಿ ಎಂದು ವ್ಯಾಪಾರಿಗಳಿಗೆ ತಿಳಿಸಿತು. ಏಪ್ರಿಲ್ 18ರಂದು ಸಿಂಗಾಪುರವೂ ಎವರೆಸ್ಟ್ ಮೀನು ಮಸಾಲೆಯನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಲು ಆದೇಶಿಸಿತು.

ಎಥಿಲೀನ್ ಆಕ್ಸೈಡ್ ಒಂದು ಅನಿಲ. ಆಸ್ಪತ್ರೆಯ ಉಪಕರಣಗಳನ್ನು ಕ್ರಿಮಿಮುಕ್ತ ಮಾಡಲು ಬಳಸುತ್ತಾರೆ. ಮೆಣಸಿನಕಾಯಿ, ಕರಿಮೆಣಸು ಮೊದಲಾದವು ನೆಲದ ಮೇಲೆ ಒಣಗುವುದರಿಂದ ಅವುಗಳಲ್ಲಿ ರೋಗಾಣುಗಳು ಸೇರುವುದು ಸುಲಭ. ಅವನ್ನು ಕೊಲ್ಲಲೂ ಕೆಲವೆಡೆ ಈ ಅನಿಲದ ಬಳಕೆಯುಂಟು. ಆದರೆ ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನಲ್ಲೇ ಸೇರಿಸಿದೆ. ಒಂದು ದಿನ ತಿಂದ ಮಾತ್ರಕ್ಕೆ ಅಪಾಯವಿಲ್ಲ, ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಕಷ್ಟ ಎಂದು ಸಿಂಗಾಪುರದ ಅಧಿಕಾರಿಗಳೂ ಹೇಳಿದ್ದರು. ನಾವಾದರೋ ಮಸಾಲೆಯನ್ನು ತಿನ್ನುವುದೇ ವರ್ಷಗಟ್ಟಲೆ.

ಕಂಪೆನಿಗಳ ಉತ್ತರ ಹೇಗಿತ್ತು? ಮಸಾಲೆಯನ್ನು ಸಂಗ್ರಹಿಸುವಾಗ, ತಯಾರಿಸುವಾಗ, ಪೊಟ್ಟಣ ಕಟ್ಟುವಾಗ, ಯಾವ ಹಂತದಲ್ಲೂ ತಾನು ಆ ಅನಿಲ ಬಳಸುವುದಿಲ್ಲ, ಆರೋಪ ಆಧಾರರಹಿತ, ಆ ದೇಶಗಳಿಂದ ತನಗೆ ಪತ್ರವೇ ಬಂದಿಲ್ಲ ಎಂದು ಎಂಡಿಎಚ್ ಹೇಳಿತು. ತನ್ನ ಮಸಾಲೆಗಳು ಸುರಕ್ಷಿತ, ರಫ್ತಿಗೆ ಮುನ್ನ ಪರೀಕ್ಷೆಯಾಗಿರುತ್ತದೆ ಎಂದು ಎವರೆಸ್ಟ್ ಹೇಳಿತು. ಸರಿ, ನಂಬೋಣ. ಆದರೆ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಪುಡಿ ಯಾವ ಬ್ಯಾಚಿನದು, ಮನಸ್ಸು ಒಪ್ಪದಿದ್ದರೆ ಯಾರಿಗೆ ಹಿಂದಿರುಗಿಸಬೇಕು ಎಂದು ಕೇಳುವ ಗೃಹಿಣಿಗೆ ಆ ಮಾತುಗಳಲ್ಲಿ ಏನು ಸಿಕ್ಕಿತು?

ಅನಂತರ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎರಡೂ ಕಂಪೆನಿಗಳಿಂದ 34 ಮಾದರಿಗಳನ್ನು ತೆಗೆಸಿತು. ಮೇ ತಿಂಗಳಲ್ಲಿ 28 ವರದಿಗಳು ಬಂದಾಗ ಯಾವುದರಲ್ಲೂ ಎಥಿಲೀನ್ ಆಕ್ಸೈಡ್ ಇಲ್ಲವೆಂದು ತಿಳಿಸಿತು. ಆ ಹೊತ್ತಿಗೆ ನೇಪಾಳ ಈ ಮಸಾಲೆಗಳ ಮಾರಾಟ ನಿಲ್ಲಿಸಿತ್ತು, ಬ್ರಿಟನ್ ಭಾರತದ ಎಲ್ಲ ಮಸಾಲೆಗಳ ಮೇಲೂ ಹೆಚ್ಚಿನ ತಪಾಸಣೆ ಹೇರಿತ್ತು. ಹೊರದೇಶದವರಿಗೆ ಹೆಸರು ಎಂಡಿಎಚ್ ಆದರೇನು, ಎವರೆಸ್ಟ್ ಆದರೇನು? ಅವರು ನೋಡುವುದು ಭಾರತದ ಮಸಾಲೆ ಎಂದು.

ಇದರ ಬಿಸಿ ಬ್ಯಾಡಗಿಗೆ ತಟ್ಟದಿರುತ್ತದೆಯೇ? ಕಡುಗೆಂಪು ಬಣ್ಣ, ಕಡಿಮೆ ಖಾರದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳ ಹೆಸರು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಸುತ್ತಮುತ್ತಲಿನ ಎಷ್ಟೋ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ಕೈಯುರಿ ಸಹಿಸಿಕೊಂಡು ತೊಟ್ಟು ಬಿಡಿಸಿ ಕೂಲಿ ಪಡೆಯುತ್ತಾರೆ. ಹಾಂಗ್‌ಕಾಂಗ್ ಸುದ್ದಿ ಬರುವ ಮುನ್ನವೇ, 2024ರ ಮಾರ್ಚ್ 11ರಂದು, ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಆ ಕುಸಿತದ ಕಾರಣಗಳೇ ಬೇರೆ. ಆದರೆ ಅಷ್ಟು ಸೂಕ್ಷ್ಮವಾದ ಪೇಟೆಗೆ ಕಂಪೆನಿಗಳ ಹೆಸರು ಕೆಡುವುದನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿದೆ?

ಮೆಣಸಿನ ಪುಡಿಗೆ ಇಂಥ ಕೆಟ್ಟ ಹೆಸರು ಬಂದದ್ದು ಅದೇ ಮೊದಲಲ್ಲ. ಬಟ್ಟೆ, ಮೇಣಗಳಿಗೆ ಹಾಕುವ ಸುಡಾನ್ ಎಂಬ ಬಣ್ಣ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸಿಕ್ಕಿತೆಂದು 2003ರಲ್ಲೇ ಯೂರೋಪ್ ಎಚ್ಚೆತ್ತಿತ್ತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸ್ ತಯಾರಕರ ಬಳಿಯಿದ್ದ ಅಂಥ ಪುಡಿಯಿಂದಾಗಿ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಎತ್ತಬೇಕಾಯಿತು. ನಿಜವಾಗಿ ಕೆಂಪಾಗಿರುವ ಬ್ಯಾಡಗಿಯ ಕಾಯಿಗೆ ಬಣ್ಣ ಬೇಕಿಲ್ಲ. ಕಳಪೆ ಕಾಯನ್ನು ಬ್ಯಾಡಗಿಯಂತೆ ಕಾಣಿಸಬೇಕಾದವರಿಗೆ ಬೇಕು.

ನಮ್ಮ ರಾಜ್ಯದಲ್ಲೇ ಕಾರ್ಖಾನೆಯಿರುವ ಇನ್ನೊಂದು ಕಂಪೆನಿಯ ಕತೆ ಬೇರೆ ದಾರಿ ಹಿಡಿಯಿತು. ನಂಜನಗೂಡಿನಲ್ಲಿ ನೆಸ್ಲೆಯವರ ಮ್ಯಾಗಿ ತಯಾರಾಗುತ್ತದೆ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ತೆಗೆದ ಮ್ಯಾಗಿ ಮಾದರಿಯಲ್ಲಿ 17.2 ಪಿಪಿಎಂ ಸೀಸವಿದೆ ಎಂದು ಕೋಲ್ಕತ್ತದ ಪ್ರಯೋಗಾಲಯ ವರದಿ ಕೊಟ್ಟಿತು. ಮಿತಿ ಇದ್ದುದು 2.5. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಮ್ಯಾಗಿ ತಿನ್ನುವವರೂ ಮಕ್ಕಳೇ. 2015ರ ಮೇ ತಿಂಗಳಿಡೀ ಕಂಪೆನಿ ತನ್ನ ನೂಡಲ್ಸ್ ಸುರಕ್ಷಿತ ಎಂದಷ್ಟೇ ಹೇಳಿಕೊಂಡು ಕುಳಿತಿತು. ರಾಜ್ಯಗಳು ಒಂದೊಂದಾಗಿ ನಿಷೇಧಿಸತೊಡಗಿದ ಮೇಲೆ, ಜೂನ್ 5ರಂದು ಅದರ ವಿಶ್ವಮಟ್ಟದ ಮುಖ್ಯಸ್ಥರು ದೆಹಲಿಗೆ ಬಂದು, ಪದಾರ್ಥ ಸುರಕ್ಷಿತವೇ, ಆದರೆ ಜನರ ನಂಬಿಕೆ ಅಲುಗಿದೆ, ಹಿಂದಕ್ಕೆ ಪಡೆಯುತ್ತೇವೆ ಎಂದರು. ಅದೇ ದಿನ ಪ್ರಾಧಿಕಾರದ ನಿಷೇಧವೂ ಬಂತು.

ಸುಮಾರು 38 ಸಾವಿರ ಟನ್ ನೂಡಲ್ಸನ್ನು ಅಂಗಡಿಗಳಿಂದ ಹಿಂದೆ ತಂದು ನಾಶಪಡಿಸಿದರು. ಬಹುಪಾಲು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಉರಿಯಿತು. ಆ ತ್ರೈಮಾಸಿಕದಲ್ಲಿ ಕಂಪೆನಿಗೆ 64 ಕೋಟಿ ರೂಪಾಯಿ ನಷ್ಟವಾಯಿತು, ಭಾರತದ ಮುಖ್ಯಸ್ಥರನ್ನೇ ಬದಲಾಯಿಸಿದರು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧ ರದ್ದುಮಾಡಿತು. ಕಂಪೆನಿಯ ಮಾತು ಕೇಳದೆ ನಿಷೇಧಿಸಿದ್ದೂ, ಮಾನ್ಯತೆಯಿಲ್ಲದ ಪ್ರಯೋಗಾಲಯಗಳನ್ನು ನೆಚ್ಚಿದ್ದೂ ತಪ್ಪೆಂದಿತು. ಹಾಗೆಂದು ನೇರವಾಗಿ ಮಾರಲು ಬಿಡಲಿಲ್ಲ. ಮೊಹಾಲಿ, ಜೈಪುರ, ಹೈದರಾಬಾದಿನ ಪ್ರಯೋಗಾಲಯಗಳಲ್ಲಿ 90 ಮಾದರಿಗಳ ಪರೀಕ್ಷೆಯಾಯಿತು. ಎಲ್ಲದರಲ್ಲೂ ಸೀಸ ಮಿತಿಯೊಳಗಿತ್ತು. ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ಹೊಸದಾಗಿ ತಯಾರಿಸಿ, ಅದನ್ನೂ ಪರೀಕ್ಷಿಸಿ, ನವೆಂಬರ್ 9ರಂದು ಮಾರಾಟಕ್ಕೆ ಬಿಟ್ಟರು. ಎಂಎಸ್‌ಜಿ ಸೇರಿಸಿಲ್ಲ ಎಂಬ ಬರಹ ಪೊಟ್ಟಣದಿಂದ ಮಾಯವಾಗಿತ್ತು. ಸರಕಾರ ಹೂಡಿದ್ದ 640 ಕೋಟಿ ರೂಪಾಯಿಯ ಪರಿಹಾರದ ದಾವೆಯನ್ನು ರಾಷ್ಟ್ರೀಯ ಗ್ರಾಹಕ ಆಯೋಗ 2024ರ ಏಪ್ರಿಲ್‌ನಲ್ಲಿ, ಅಂದರೆ ಮಸಾಲೆಯ ಗದ್ದಲ ಎದ್ದ ತಿಂಗಳಲ್ಲೇ, ವಜಾಗೊಳಿಸಿತು.

ನೆಸ್ಲೆಯನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಒತ್ತಡ ಬೀಳುವವರೆಗೂ ಅದು ಅಲುಗಲಿಲ್ಲ. ಆದರೂ ಪದಾರ್ಥ ಎತ್ತಿದ್ದು, ಪರೀಕ್ಷೆ ಬೇರೆಯವರಿಂದ ಆದದ್ದು, ಪೊಟ್ಟಣದ ಬರಹ ತಿದ್ದಿದ್ದು ನಮ್ಮ ಕಣ್ಣಿಗೆ ಕಂಡವು. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯೂ, ತನ್ನ ಪದಾರ್ಥ ನಿಯಮಕ್ಕೆ ವಿರುದ್ಧವಾಗಿದೆ ಎಂದು ಕಂಪೆನಿಗೆ ಅನ್ನಿಸಿದರೆ ಅದೇ ಅದನ್ನು ಹಿಂದಕ್ಕೆ ಪಡೆಯಬೇಕು, ಗ್ರಾಹಕರಿಗೆ ಕಾರಣ ತಿಳಿಸಬೇಕು ಎನ್ನುತ್ತದೆ.

ಹಾಗಾದರೆ ಪೊಟ್ಟಣ ಬಿಟ್ಟು ಮನೆಯಲ್ಲೇ ಕುಟ್ಟಿಸೋಣ ಎನ್ನುವವರಿದ್ದಾರೆ. ಒಳ್ಳೆಯದೇ. ಬಣ್ಣ, ಅನಿಲಗಳ ಭಯ ಕಡಿಮೆಯಾಗುತ್ತದೆ. ಆದರೆ ಹೊಲದಲ್ಲಿ ಹೊಡೆದ ಕೀಟನಾಶಕವನ್ನು ಗಿರಣಿ ತೆಗೆಯದು.

ಪೊಟ್ಟಣ ಕೊಳ್ಳುವವರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ನಮ್ಮಲ್ಲಿ ಹೆಚ್ಚಿನವರು ಮಸಾಲೆಯನ್ನು ಸ್ಟೀಲ್ ಡಬ್ಬಿಗೆ ಸುರಿದು ಖಾಲಿ ಪೊಟ್ಟಣವನ್ನು ಕಸಕ್ಕೆ ಹಾಕುತ್ತೇವೆ. ನಾಳೆ ಯಾವುದೋ ಬ್ಯಾಚು ಹಿಂದೆ ಪಡೆಯುತ್ತಾರೆ ಎಂಬ ಸುದ್ದಿ ಬಂದರೆ ಡಬ್ಬಿಯಲ್ಲಿರುವುದು ಅದೇ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, 14 ಅಂಕಿಗಳ ಪರವಾನಗಿ ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ಡಬ್ಬಿಯ ಹೊರಗೆ ಅಂಟಿಸಿ, ಪುಡಿ ಮುಗಿಯುವವರೆಗೂ ಇರಲಿ. ಅಂಗಡಿಯ ಚೀಟಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬೇಕಾಗಿ ಬಂದಾಗ ಹೇಳಲು ಬೇಕಾಗುವುದು ಆ ಚೂರಿನಲ್ಲಿರುವ ಅಂಕಿಗಳೇ.