ಅಳತೆಪಟ್ಟಿ ಇಲ್ಲದ ಕೌದಿ

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳ ಕೇರಿಗೆ ಗದ್ದೆ ಕೆಲಸವಿಲ್ಲದ ದಿನ ಮಧ್ಯಾಹ್ನದ ಹೊತ್ತು ಹೋದರೆ ಈ ನೋಟ ಈಗಲೂ ಸಿಗುತ್ತದೆ. ಜಗಲಿಯ ಮೇಲೆ ಕಾಲು ನೀಡಿ ಕೂತ ಹೆಂಗಸು. ಮುಂದೆ ನಾಲ್ಕು ಮೂಲೆ ಎಳೆದು ಹಾಸಿದ ಹಳೇ ಸೀರೆ. ಪಕ್ಕದಲ್ಲಿ ಗಂಟು ಬಿಚ್ಚಿದ ಚಿಂದಿ ರಾಶಿ. ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಸೂಜಿ. ಅಳತೆಪಟ್ಟಿ ಇಲ್ಲ, ಸೀಮೆಸುಣ್ಣ ಇಲ್ಲ, ಮುಂದಿಟ್ಟುಕೊಂಡ ಚಿತ್ರವೂ ಇಲ್ಲ. ಪೇಟೆಯಿಂದ ಬಂದವರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ.

"ಈ ಡಿಸೈನು ಎಲ್ಲಿಂದ ತಂದ್ರಿ ಅವ್ವಾ?"

"ತರೂದೇನ್ರಿ ಅದರಾಗ? ಚಿಂದಿ ಹೆಂಗ ಕೈಗೆ ಬರ್ತದ, ಹಂಗ ಹಚ್ಚೂದು. ನೋಡಾಕ ಚಂದ ಕಾಣಬೇಕು, ಹೊದ್ದರ ಬೆಚ್ಚಗಿರಬೇಕು, ಅಷ್ಟ."

ಈ 'ಅಷ್ಟ' ಎಂಬ ಎರಡೂವರೆ ಅಕ್ಷರದ ಮೇಲೆ ಈಗ ಹೊರದೇಶಗಳಲ್ಲಿ ದಪ್ಪ ದಪ್ಪ ಪುಸ್ತಕಗಳು ಬರುತ್ತಿವೆ. ಅಮೆರಿಕ, ಯುರೋಪುಗಳಲ್ಲಿ ಕೌದಿ ಹೊಲಿಯುವುದು ದೊಡ್ಡ ಹವ್ಯಾಸ. ಮೊದಲೇ ನಕ್ಷೆ ಹಾಕದೆ, ಕೈಗೆ ಸಿಕ್ಕ ತುಂಡು ಕತ್ತರಿಸಿ, ತೋಚಿದಂತೆ ಜೋಡಿಸಿ ಹೊಲಿಯುವುದು ಅಲ್ಲಿ ಒಂದು ಪಂಥವೇ ಆಗಿದೆ. ಅದಕ್ಕೆ 'ಇಂಪ್ರೊವೈಸ್ಡ್ ಕ್ವಿಲ್ಟ್' ಎಂದು ಹೆಸರು. ಸಂಗೀತಗಾರ ರಾಗ ಹಿಡಿದು ಆಲಾಪಕ್ಕೆ ಕೂತಂತೆ ಅಂದುಕೊಳ್ಳಿ. ಸ್ಫೂರ್ತಿ ಬೇಕೆಂದು ಅವರು ಕ್ಯಾಮೆರಾ ಹಿಡಿದು ಬೀದಿಗಿಳಿಯುತ್ತಾರೆ. ಬಿರುಕು ಬಿಟ್ಟ ಕಾಲುದಾರಿ, ಬಣ್ಣ ಕಿತ್ತ ಗೋಡೆ, ಹಳೇ ಕಟ್ಟಡದ ಕಿಟಕಿಸಾಲು, ಏನು ಕಂಡರೂ ಫೋಟೋ ಹೊಡೆದು ತಂದು ಬಟ್ಟೆಯಲ್ಲಿ ಇಳಿಸಲು ನೋಡುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಜಿಲ್ಲೆಯ ಹೆಂಗಸರು ಸ್ಫೂರ್ತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಹರಿದು, ಮಾಸಿ, ತಾನಾಗಿಯೇ ಮನೆಯ ಮೂಲೆಗೆ ಬಂದು ಬೀಳುತ್ತದೆ!

ಆ ಚಿಂದಿ ಗಂಟನ್ನು ಒಮ್ಮೆ ಬಿಚ್ಚಿ ನೋಡಬೇಕು. ಮಗನ ಶಾಲೆಯ ನೀಲಿ ಚಡ್ಡಿ. ಗಂಡನ ಚೌಕಳಿ ಲುಂಗಿ, ಕೂತು ಕೂತು ನಡುವೆ ಸವೆದದ್ದು, ಅಂಚು ಮಾತ್ರ ಗಟ್ಟಿ. ಕೆಲಸಕ್ಕೆ ಹೋಗುವ ಮನೆಯ ಅಮ್ಮನವರು ಕೊಟ್ಟ ಸೀರೆ. ಮಗಳ ಲಂಗ. ದರ್ಜಿ ಅಂಗಡಿಯವರು ಕಸಕ್ಕೆ ಹಾಕುವ ಮೊದಲು ಕೇಳಿ ತಂದ ರವಿಕೆ ತುಂಡು. ಒಂದೊಂದಕ್ಕೂ ಒಂದೊಂದು ಕತೆ ಇರುತ್ತದೆ, ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನೆ ಹೊಲಿಯುತ್ತಾರೆ. ಲುಂಗಿಯ ಗಟ್ಟಿ ಅಂಚು ಉದ್ದವಾಗಿದ್ದರೆ ಪಟ್ಟಿ ಉದ್ದ. ಚಡ್ಡಿಯಲ್ಲಿ ಸವೆಯದೆ ಉಳಿದದ್ದು ಅಂಗೈಯಗಲ ಆದರೆ ಚೌಕವೂ ಅಂಗೈಯಗಲ. ಡಿಸೈನು ಎಂಬುದನ್ನು ಅರ್ಧ ಮಾಡಿದ್ದು ಹೊಲಿಯುವವಳು, ಇನ್ನರ್ಧ ಆ ಬಟ್ಟೆ ತೊಟ್ಟು ಗದ್ದೆಯಲ್ಲಿ ಬಗ್ಗಿದವರು.

ಸಿದ್ದಿಗಳು ಇದನ್ನು ಕವಂದಿ ಎನ್ನುತ್ತಾರೆ. ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಹಡಗಿನಲ್ಲಿ ಗೋವೆಗೆ ತಂದ ಗುಲಾಮರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇವರು. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಮತದವರಿದ್ದಾರೆ. ಮನೆಯೊಳಗೆ ಬಹುಪಾಲು ಕೊಂಕಣಿ, ಹೊರಗೆ ಕನ್ನಡ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರ ತನಕ ಕಾಯಬೇಕಾಯಿತು. ಮೂರು ಮತದವರ ಮನೆಯಲ್ಲೂ ಕವಂದಿ ಹೊಲಿಯುವ ರೀತಿ ಒಂದೇ. ಕೆಲವರು ನಡುವೆ ಶಿಲುಬೆ ಇಡುತ್ತಾರೆ, ಕೆಲವರು ಅರ್ಧಚಂದ್ರ. ವ್ಯತ್ಯಾಸ ಅಷ್ಟರಲ್ಲಿಯೇ.

ಇನ್ನು ಹೊಲಿಯುವ ರೀತಿ. ಅಸಲು ಕಸುಬು ಇರುವುದು ಇಲ್ಲಿ.

ಬೇರೆ ದೇಶದ ಪದ್ಧತಿಯಲ್ಲಿ ಕೆಲಸ ಮೂರು ಹಂತ. ಮೊದಲು ತುಂಡುಗಳನ್ನು ಒಂದಕ್ಕೊಂದು ಹೊಲಿದು ಮೇಲ್ಹಾಸು ತಯಾರು ಮಾಡಬೇಕು. ಅದರ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಇನ್ನೊಂದು ಬಟ್ಟೆ ಇಡಬೇಕು. ಕೊನೆಗೆ ಮೂರನ್ನೂ ಕೂಡಿಸಿ ಟಾಕು ಹಾಕಬೇಕು. ಮೇಲ್ಹಾಸು ಸರಿಬರದಿದ್ದರೆ ಬಿಚ್ಚಬಹುದು, ಗೋಡೆಗೆ ತೂಗುಹಾಕಿ ದೂರದಿಂದ ನೋಡಬಹುದು, ತಿಂಗಳುಗಟ್ಟಲೆ ಯೋಚನೆ ಮಾಡಬಹುದು. ಕವಂದಿಯಲ್ಲಿ ಈ ಸೌಕರ್ಯ ಇಲ್ಲ. ಅಡಿಯ ಸೀರೆಯ ಒಂದು ಮೂಲೆಯಿಂದ ಶುರು. ಅಂಚು ಮಡಿಸಿದ ತುಂಡು ಇಟ್ಟು, ಒಳಗೆ ಒಂದೆರಡು ಪದರ ಹರಕು ಬಟ್ಟೆ ತುಂಬಿ, ಎಲ್ಲವನ್ನೂ ಒಟ್ಟಿಗೇ ಸೂಜಿಯಿಂದ ಪೋಣಿಸುತ್ತಾ ಹೋಗುವುದು. ಅಂಚು ಹಿಡಿದು ಒಂದು ಸುತ್ತು, ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತಿ ಸುತ್ತಿ ಕೊನೆಗೆ ನಡುವಿಗೆ ಬಂದು ಮುಟ್ಟಬೇಕು. ಅಂದರೆ ಬಣ್ಣ ಆರಿಸುವುದು, ಜೋಡಿಸುವುದು, ಗಟ್ಟಿ ಮಾಡುವುದು ಮೂರೂ ಒಂದೇ ಸಲಕ್ಕೆ. ಹಾಕಿದ ಟಾಕು ಹಾಕಿದ್ದೇ. ಕೆಂಪಿನ ಪಕ್ಕ ಕೆಂಪೇ ಬಂತು ಅನ್ನಿಸಿದರೆ ಮುಂದಿನ ತುಂಡು ಹಳದಿ ಇಡಬೇಕು, ಅಥವಾ ಅದರ ಮೇಲೇ ಸಣ್ಣದೊಂದು ಹಸಿರು ತೇಪೆ ಕೂರಿಸಬೇಕು. ತಪ್ಪನ್ನು ಬಿಚ್ಚುವ ಮಾತಿಲ್ಲ.

ಟಾಕಿನ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಇಬ್ಬರು ಹೊದೆಯುವ ಕವಂದಿ ಆರಡಿ ಉದ್ದ, ಐದಡಿ ಅಗಲ ಎಂದಿಟ್ಟುಕೊಳ್ಳೋಣ. ಸಾಲು ಸಾಲಿನ ನಡುವೆ ಅರ್ಧ ಅಂಗುಲ ಬಿಟ್ಟರೆ ದಾರ ಓಡುವ ಉದ್ದ 720 ಅಡಿ, ಹತ್ತಿರ ಹತ್ತಿರ 220 ಮೀಟರು. ಅಂಗುಲಕ್ಕೆ ಮೂರೇ ಟಾಕು ಹಿಡಿದರೂ 25,920 ಟಾಕು. ಇದಿಷ್ಟೂ ನಾಲ್ಕೈದು ಪದರ ಬಟ್ಟೆಯ ಮೂಲಕ, ಕೂಲಿ ಮುಗಿಸಿ ಬಂದ ಕೈಯಿಂದ, ಒಲೆಯ ಮೇಲೆ ಅನ್ನಕ್ಕಿಟ್ಟು. ವಾರಗಟ್ಟಲೆ ಹಿಡಿಯುತ್ತದೆ ಎಂದರೆ ಆಶ್ಚರ್ಯವೇನು?

ಅಂದ ಹಾಗೆ ಕವಂದಿಗೆ ಅಡಿ ಅಂಗುಲದ ಲೆಕ್ಕ ಅಲ್ಲಿಲ್ಲ, ಅದು ಪೇಟೆಯವರ ಲೆಕ್ಕ. ಒಬ್ಬರದು, ಇಬ್ಬರದು, ಮೂವರದು ಎಂದು ಮನುಷ್ಯರ ಲೆಕ್ಕ ಮಾತ್ರ. ತೊಟ್ಟಿಲ ಕೂಸಿಗೆ ಬೇರೆ. ಅದರ ಮೇಲೆ ಬಣ್ಣಬಣ್ಣದ ಸಣ್ಣ ಸಣ್ಣ ತೇಪೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಅವಕ್ಕೆ ಟಿಕೇಲಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಮಡಿಸಿ ಮಡಿಸಿ ಮಾಡಿದ ತ್ರಿಕೋನದ ಕುಚ್ಚು, ಅದು ಫುಲಾ, ಅಂದರೆ ಹೂವು. ಹೊದೆಯಲು ಫುಲಾದಿಂದ ಮೂರು ಕಾಸಿನ ಉಪಯೋಗ ಇಲ್ಲ. ಆದರೂ ಫುಲಾ ಇಲ್ಲದ ಕವಂದಿ ಬತ್ತಲೆ ಎಂದು ಹೆಂಗಸರ ತೀರ್ಮಾನ. ಕೊನೆಯ ತೇಪೆ ನಡುವಿಗೆ ಹಚ್ಚುವಾಗ ಅದರ ಕೆಳಗೆ ನಾಲ್ಕು ಕಾಳು ಅಕ್ಕಿ ಹಾಕುವ ರೂಢಿಯೂ ಉಂಟು, ಕವಂದಿಯ ಹೊಟ್ಟೆ ಖಾಲಿ ಇರಬಾರದಂತೆ.

ಸಿದ್ದಿಗಳ ಕೇರಿ ದಾಟಿ ಬಯಲುಸೀಮೆಗೆ ಇಳಿದರೆ ಕೌದಿಯದ್ದೇ ರಾಜ್ಯ. ಹುಬ್ಬಳ್ಳಿ-ಧಾರವಾಡ ಕಡೆ ಗೊಂಧಳಿ ಹೆಂಗಸರು ಮನೆಮನೆಗೆ ಹೋಗಿ, ಮನೆಯವರು ಕೊಟ್ಟ ಹಳೇ ಬಟ್ಟೆಯಲ್ಲೇ ಕೌದಿ ಹೊಲಿದುಕೊಟ್ಟು ಕೂಲಿ ಪಡೆಯುವುದು ಹಿಂದಿನಿಂದ ಬಂದದ್ದು. ಅಜ್ಜಿಯ ಇಳಕಲ್ ಸೀರೆಯ ದಡಿ ಕೌದಿಯ ಅಂಚಿಗೆ ಹೋಗುತ್ತದೆ, ಅಜ್ಜನ ಧೋತರ ಒಳಗೆ ಹೋಗುತ್ತದೆ. ಮಹಾನವಮಿ ಮುಂದೆ ಬಂತೆಂದರೆ ಊರಿಗೆ ಊರೇ ಹಾಸಿಗೆ ಹೊತ್ತುಕೊಂಡು ಹಳ್ಳಕ್ಕೆ ನಡೆಯುತ್ತದೆ. ಆ ದಿನ ದಂಡೆಯ ಬಂಡೆಗಳ ಮೇಲೆ, ಬೇಲಿಯ ಮೇಲೆ ಒಣಗಲು ಹಾಕಿದ ಕೌದಿಗಳನ್ನು ನೋಡಿದವರಿಗೆ ಬೇರೆ ಚಿತ್ರಶಾಲೆ ಬೇಡ. ಹೊಸ ಸೊಸೆ ಹೊಸ ಬಗೆ ಕಲಿಯುವುದೂ ಅಲ್ಲೇ. ಪಕ್ಕದ ಮನೆಯವರು ಕಪ್ಪಿನ ನಡುವೆ ಗುಲಾಬಿ ಇಟ್ಟಿದ್ದಾರೆ, ತಮ್ಮದರಲ್ಲಿ ಯಾಕಿಲ್ಲ? ಮುಂದಿನ ವರ್ಷ ಅವರ ಕೌದಿಯಲ್ಲೂ ಗುಲಾಬಿ ಬರುತ್ತದೆ, ಆದರೆ ಹಾಗೆಯೇ ಬರುವುದಿಲ್ಲ, ಏಕೆಂದರೆ ಅವರ ಮನೆಯ ಗುಲಾಬಿ ಬಟ್ಟೆ ಬೇರೆ.

ಇದೇ ಕತೆ ಸಮುದ್ರದಾಚೆಯೂ ನಡೆದಿದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿದ್ದ ಕಪ್ಪು ಜನರ ಸಂತತಿಯವರ ಊರು. ಅಲ್ಲಿಯೂ ಹೆಂಗಸರು ಹತ್ತಿ ಹೊಲದಲ್ಲಿ ತೊಟ್ಟು ಹರಿದ ಬಟ್ಟೆಯಲ್ಲೇ ಕೌದಿ ಹೊಲಿದರು. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೆಲಸದ ಪ್ಯಾಂಟು ಅಂಗಿಗಳನ್ನೇ ಕತ್ತರಿಸಿ ಹೊಲಿದ ಕೌದಿ ಇಂದಿಗೂ ಹೆಸರುವಾಸಿ. ಅವನ ನೆನಪಿಗೆ, ಹೊದ್ದು ಮಲಗಲಿಕ್ಕೆ. ಆಕೆ ಸ್ಫೂರ್ತಿಗಾಗಿ ಎಲ್ಲಿಗೆ ಹೋಗಬೇಕಿತ್ತು? 2002ರಲ್ಲಿ ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಆ ಊರಿನ ಕೌದಿಗಳ ಪ್ರದರ್ಶನ ನಡೆದು, ಬಳಿಕ ನ್ಯೂಯಾರ್ಕಿನ ವಿಟ್ನಿಗೆ ಹೋಯಿತು. ದೊಡ್ಡ ದೊಡ್ಡ ವಿಮರ್ಶಕರು ಬೆರಗಾದರು. 2006ರಲ್ಲಿ ಅಮೆರಿಕ ಸರ್ಕಾರ ಅಂಚೆ ಚೀಟಿಯನ್ನೂ ತಂದಿತು. ಆದರೆ ಹೊಗಳಿಕೆ ಬಂದಷ್ಟು ಬೇಗ ಹಣ ಹೊಲಿದವರ ಮನೆಗೆ ಬಂತೇ ಎಂಬ ತಕರಾರು ಎದ್ದು, 2007ರಲ್ಲಿ ಆ ಊರಿನ ಮೂವರು ಕೋರ್ಟಿನ ಮೆಟ್ಟಿಲು ಹತ್ತಿದರು. ಮರುವರ್ಷ ಅದು ಇತ್ಯರ್ಥವಾಯಿತು.

ನಮ್ಮ ಕವಂದಿಗಳೂ ವಿಮಾನ ಹತ್ತಿವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಸಿದ್ದಿಗಳ ನಡುವೆ ಅಧ್ಯಯನ ನಡೆಸಿದರು. ಕವಂದಿ ಹೊಲಿಯುವ ಹೆಂಗಸರ ಸಹಕಾರಿ ಗುಂಪು 2004ರ ಹೊತ್ತಿಗೆ ಕಟ್ಟಿಕೊಂಡದ್ದೂ ಆ ನೆರವಿನಿಂದಲೇ. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಇವರ ಕವಂದಿಗಳ ಪ್ರದರ್ಶನ ನಡೆಯಿತು. ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎಂದು ಕೇಳಬೇಡಿ. ಹಳಿಯಾಳದ ಸಂತೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ವಿಚಾರಿಸಿದರೆ ಉತ್ತರ ಸಿಗುತ್ತದೆ.

ಮಾರುಕಟ್ಟೆ ಬಂದ ಕೂಡಲೇ ಅದರ ಹಿಂದೆ ಕಿರಿಕಿರಿಯೂ ಬಂತು. ಮಾಲು ಕೊಳ್ಳುವವರು ಒಂದು ಕವಂದಿ ಮೆಚ್ಚಿ, "ಇದರಂಗೇ ಇನ್ನು ಹತ್ತು ಬೇಕು, ಸೇಮ್ ಟು ಸೇಮ್" ಅನ್ನುತ್ತಾರೆ. ಹೊಲಿಯುವವಳಿಗೆ ದಿಕ್ಕು ತೋಚುವುದಿಲ್ಲ. ಆ ಹಸಿರು ಮಗಳ ಲಂಗದ್ದು, ಮಗಳಿಗೆ ಇದ್ದದ್ದು ಅದೊಂದೇ ಹಸಿರು ಲಂಗ. ಇನ್ನು ಹತ್ತು ಎಲ್ಲಿಂದ ತರಬೇಕು? ಹಾಗಾದರೆ ಥಾನುಗಟ್ಟಲೆ ಹೊಸ ಬಟ್ಟೆ ತಂದು ಕೊಡುತ್ತೇವೆ, ಅದನ್ನೇ ಕತ್ತರಿಸಿ ಹೊಲಿಯಿರಿ ಎಂಬ ಸಲಹೆ ಬರುತ್ತದೆ. ಹೊಲಿಯಬಹುದು, ಕೂಲಿಯೂ ಸಿಗುತ್ತದೆ, ಬೇಡ ಅನ್ನುವಷ್ಟು ಉಳ್ಳವರಲ್ಲ ಅವರು. ಆದರೆ ಹೊಸ ಬಟ್ಟೆಯನ್ನು ಕತ್ತರಿಯಿಂದ ಚೂರು ಮಾಡುವಾಗ ಹಳೇ ಕೈಗಳು ಒಂದು ಗಳಿಗೆ ನಿಲ್ಲುತ್ತವೆ. ಉಡಬಹುದಾದ ಬಟ್ಟೆಯನ್ನು ಕತ್ತರಿಸುವುದೇ?

ಹಾಗೆಂದು ಎಲ್ಲ ತಪ್ಪೂ ಮಾರುಕಟ್ಟೆಯದ್ದು ಅನ್ನುವುದು ಸುಲಭದ ಮಾತು. ಹಳೇ ಹತ್ತಿ ಸೀರೆಯೇ ಈಗ ಸಿಗುವುದು ಕಷ್ಟ. ಉಡುವುದೆಲ್ಲ ಪಾಲಿಯೆಸ್ಟರ್. ಅದು ಸವೆದು ಮೆತ್ತಗಾಗುವುದಿಲ್ಲ. ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಮಡಿಕೆ ನಿಲ್ಲುವುದಿಲ್ಲ, ಹೊದ್ದರೆ ಬೆವರು ಹೀರುವುದಿಲ್ಲ. ಅದರಲ್ಲೂ ಹೊಲಿಯುವವರಿದ್ದಾರೆ, ಮಿರಿಮಿರಿ ಬಣ್ಣ ಬೇರೆ ಬರುತ್ತದೆ. ಹೊಲಿಯುವವಳ ಬೆರಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅತ್ತ ಪೇಟೆಯಲ್ಲಿ ಹೂವಿನ ಚಿತ್ರದ ಮೆತ್ತನೆಯ ಬ್ಲಾಂಕೆಟ್ಟು ಕೈಗೆಟುಕುವ ಬೆಲೆಗೆ ಸಿಗುತ್ತದೆ. ಹಾಸ್ಟೆಲಿನಲ್ಲಿ ಓದುವ ಹುಡುಗಿ ರಜೆಗೆ ಬಂದಾಗ ಕವಂದಿ ಭಾರ ಎಂದು ಬದಿಗೆ ಸರಿಸಿದರೆ ಅವಳನ್ನು ಬೈಯುವುದು ಹೇಗೆ? ಅವಳು ಓದಲಿ ಎಂದೇ ಅಲ್ಲವೇ ಇಷ್ಟು ವರ್ಷ ಕೂಲಿ ಮಾಡಿದ್ದು?

ಸರ್ಕಾರಿ ಮಹಾಶಯರಿಗೆ ಮಹಿಳೆಯರ ಹೊಲಿಗೆ ತರಬೇತಿ ಅಂದರೆ ಹೊಲಿಗೆ ಯಂತ್ರ ಎಂದಷ್ಟೇ ಗೊತ್ತು. ಯಂತ್ರ ಬೇಡವೆಂದು ಯಾರೂ ಹೇಳುತ್ತಿಲ್ಲ, ರವಿಕೆ ಹೊಲಿದು ಬದುಕುವವರು ಬದುಕಲಿ. ಆದರೆ ಎಪ್ಪತ್ತು ವರ್ಷದ ಅಜ್ಜಿಯ ಕೈಯಲ್ಲಿ ಪುಸ್ತಕವಿಲ್ಲದ ಒಂದು ಪಾಠ ಇದೆ. ಯಾವ ತುಂಡಿನ ಪಕ್ಕ ಯಾವುದು, ಎಲ್ಲಿ ಸಾಲು ತಿರುಗಬೇಕು, ಬಟ್ಟೆ ಸಾಲದೆ ಹೋದಾಗ ಏನು ಮಾಡಬೇಕು. ಅದನ್ನು ಕಲಿಯಲು ಬರುವ ಹುಡುಗಿಗೆ ಆ ದಿನದ ಕೂಲಿಯಷ್ಟಾದರೂ ಕೊಡುವ ಏರ್ಪಾಡು ಆದರೆ ಅಜ್ಜಿಗೂ ಗುರುದಕ್ಷಿಣೆ ಆಯಿತು, ಹುಡುಗಿಗೂ ದಿನ ಹಾಳಾಗಲಿಲ್ಲ. ಇದಕ್ಕೆ ಕೋಟಿ ಬೇಕಾಗಿಲ್ಲ. ಉದ್ಘಾಟನೆಗೆ ರಿಬ್ಬನ್ನು, ಹಾರ ತುರಾಯಿ ಇಲ್ಲದ ಕಾರ್ಯಕ್ರಮವಾದ್ದರಿಂದ ಯಾರಿಗೂ ಉಮೇದು ಇಲ್ಲ, ಅಷ್ಟೇ.

ಇರಲಿ. ಈಗ ಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿದಿದೆ. ಅಜ್ಜಿಯ ಕಣ್ಣು ಮೊದಲಿನಂತಿಲ್ಲ, ದಾರ ಪೋಣಿಸುವ ಕೆಲಸ ಮೊಮ್ಮಗಳದ್ದು. ಶಾಲೆಯಿಂದ ಬಂದ ಹುಡುಗಿ ಚೀಲ ಇಳಿಸಿ, ದಾರದ ತುದಿ ಎಂಜಲಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿ ಕೊಡುತ್ತಾಳೆ. ಒಂದಲ್ಲ, ನಾಲ್ಕು ಸೂಜಿ, ರಾತ್ರಿಯವರೆಗೆ ಆಗುವಷ್ಟು. ಕೊಟ್ಟು ಎದ್ದವಳು ಚಿಂದಿ ರಾಶಿಯಿಂದ ಹಳದಿ ತುಂಡೊಂದನ್ನು ಎತ್ತಿ ಕವಂದಿಯ ಮೇಲಿಟ್ಟು, "ಇದನ್ನ ಇಲ್ಲಿ ಹಚ್ಚ, ಅಜ್ಜಿ" ಅನ್ನುತ್ತಾಳೆ. ಅಜ್ಜಿ ತುಂಡನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಹುಡುಗಿ ಇಟ್ಟ ಜಾಗದಿಂದ ಎರಡು ಬೆರಳು ಆಚೆ ಸರಿಸಿ ಅಂಚು ಮಡಿಸುತ್ತಾಳೆ.